ಉಗುಳುವ ಅತಿಥಿಗಳಿಗೊಂದು ಮನೆಯೂಟ

ನಮ್ಮ ಅತ್ತೆ ಬಡಿಸಲು ನಿಂತರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಪ್ರಯೋಜನವಿಲ್ಲ. ಬೆರಳ ಸಂದಿಯಿಂದಲೇ ಸಾರು ಇಳಿಸುತ್ತಾರೆ. "ಬೇಡ" ಎಂದದ್ದು ಅವರ ಕಿವಿಗೆ "ಇನ್ನೊಂದು ಸೌಟು" ಎಂದೇ ಕೇಳುತ್ತದೆ. ಇಂಥವರ ಮನೆಗೆ, ಬೆಳಗಿನಿಂದ ರಾತ್ರಿಯವರೆಗೆ ಬಾಯಿ ತೆರೆದು ಮುಚ್ಚುವುದನ್ನೇ ಉದ್ಯೋಗ ಮಾಡಿಕೊಂಡಿರುವ ಎರಡು ಗೋಲ್ಡ್‌ಫಿಶ್‌ಗಳು ಬಂದು ಸೇರಿದರೆ ಏನಾಗಬೇಕೋ ಅದೇ ಆಯಿತು.

ತರಿಸಿಕೊಂಡವಳು ನನ್ನ ಮಗಳು. ಕಿತ್ತಳೆ ಬಣ್ಣದ ಗುಂಡನೆಯದಕ್ಕೆ ಜಾಮೂನು ಎಂದೂ, ಪದರ ಪದರವಾದ ಬಾಲದ ಬಿಳಿಯದಕ್ಕೆ ಚಿರೋಟಿ ಎಂದೂ ನಾಮಕರಣ ಮಾಡಿದಳು. ಅಲ್ಲಿಗೆ ಅವಳ ಜವಾಬ್ದಾರಿ ಮುಗಿಯಿತು. ಎರಡು ಅಡಿ ಉದ್ದದ ಗಾಜಿನ ತೊಟ್ಟಿ, ಅದರ ಪಂಪು, ಫಿಲ್ಟರು ಮತ್ತು ಇವುಗಳ ಕರೆಂಟು ಬಿಲ್ಲು ನಮ್ಮ ಪಾಲಿಗೆ ಉಳಿದವು.

ಮೊದಲ ಕೆಲವು ದಿನ ಅಂಗಡಿಯಿಂದ ತಂದ ಡಬ್ಬಿಯ ಆಹಾರವೇ ನಡೆಯಿತು. ಒಂದು ಮಧ್ಯಾಹ್ನ ಬೇಜಾರು ಕಳೆಯಲು ಅತ್ತೆ ಆ ಡಬ್ಬಿಯ ಮೇಲೆ ಬರೆದದ್ದನ್ನು ಮೊಮ್ಮಗಳ ಕೈಯಲ್ಲಿ ಓದಿಸಿದರು. ಗೋಧಿ ಹಿಟ್ಟು, ಸೋಯಾ ಎಲ್ಲ ಇದ್ದವು. ಆದರೆ ಪಟ್ಟಿಯ ತಲೆಯಲ್ಲೇ ಮೀನಿನ ಹಿಟ್ಟು ಕುಳಿತಿತ್ತು. "ಮೀನಿಗೆ ಮೀನನ್ನೇ ತಿನ್ನಿಸುತ್ತಿದ್ದೇವೆಯೇ!" ಎಂದು ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ನೀರಿನಲ್ಲಿ ದೊಡ್ಡದು ಚಿಕ್ಕದನ್ನು ತಿನ್ನುವುದು ಸೃಷ್ಟಿಯ ಮೊದಲಿನಿಂದಲೂ ಇರುವ ಪದ್ಧತಿ ಎಂದು ನಾನು ಹೇಳಿದೆ. "ಅವು ತಾವಾಗಿ ತಿಂದರೆ ಅವುಗಳ ಕರ್ಮ. ನಮ್ಮ ಕೈಯಿಂದ ಹಾಕಿದರೆ ನಮ್ಮದು" ಎಂದರು. ಇದಕ್ಕೆ ಪ್ರತ್ಯುತ್ತರ ಕೊಡುವಷ್ಟು ವೇದಾಂತ ನನಗೆ ಬಾರದು.

ಬೇಸಿಗೆ ರಜೆಯಲ್ಲಿ ಕೈಗೆ ಕೆಲಸವಿಲ್ಲದೆ ಕುಳಿತಿದ್ದ ನಮ್ಮವರಿಗೆ ಇದೇ ಸಾಕಾಯಿತು. ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ಏನೇ ಮಾಡಿದರೂ ಹಿಂದೆ ಯಾವುದಾದರೊಬ್ಬ ರಾಜ ಮಾಡಿದ್ದಾನೆಂದು ತೋರಿಸಿಯೇ ಮಾಡುವುದು ಅವರ ರೂಢಿ. ಮೀನಿಗೆ ಮನೆಯಲ್ಲೇ ಆಹಾರ ತಯಾರಿಸುವುದಕ್ಕೂ ಒಬ್ಬ ದೊರೆ ಸಿಕ್ಕಿದ: ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರ. 12ನೇ ಶತಮಾನದಲ್ಲಿ ಅವನು ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆಯಂತೆ. ಯಾವ ಮೀನಿಗೆ ಯಾವ ಉಂಡೆ ಹಿತ ಎಂಬುದನ್ನೂ ದೊರೆ ಹೇಳಿದ್ದಾನಂತೆ. "ಆ ಉಂಡೆ ತಿಂದ ಮೇಲೆ ಮೀನಿಗೆ ಏನಾಗುತ್ತಿತ್ತು?" ಎಂದು ಕೇಳಿದೆ. ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಗಾಳ ಹಾಕಿ ಹಿಡಿಯುವ ಆಟದ ಅಧ್ಯಾಯ ಎಂದು ಒಪ್ಪಿಕೊಂಡರು. ಅದೇ ಗ್ರಂಥದ ಅನ್ನಭೋಗದಲ್ಲಿ ಮೀನಿನ ಅಡುಗೆಯೂ ಇದೆ. ಮಹಾರಾಜರ ಆತಿಥ್ಯ ಒಂದು ಸುತ್ತು ಪೂರ್ಣವಾಗಿಯೇ ಇತ್ತು ಅನ್ನಿ.

ಅಡುಗೆಯ ಸಿದ್ಧತೆಗಾಗಿ ನಮ್ಮವರು ಪರೀಕ್ಷೆಗೆ ಓದುವ ಹುಡುಗರಂತೆ ಓದಿದರು. ಗೋಲ್ಡ್‌ಫಿಶ್ ಕಾರ್ಪ್ ಜಾತಿಯದು, ಅದಕ್ಕೆ ಹೊಟ್ಟೆಯ ಚೀಲವೇ ಇಲ್ಲ, ನುಂಗಿದ್ದು ನೇರವಾಗಿ ಕರುಳಿಗೇ ಹೋಗುತ್ತದೆ ಎಂದು ಊಟದ ಹೊತ್ತಿನಲ್ಲಿ ನಮಗೆಲ್ಲ ಪಾಠವಾಯಿತು. ಹೊಟ್ಟೆಯಿಲ್ಲದಿರುವುದರಿಂದ ತುಂಬಿತೆಂಬ ಸಮಾಧಾನವೂ ಅದಕ್ಕಿರಲಾರದೆಂದು ನನ್ನ ಊಹೆ. ನಮ್ಮ ಮನೆಗೆ ಹೇಳಿ ಮಾಡಿಸಿದ ಪ್ರಾಣಿ. ಅಡುಗೆಯ ವಿಧಾನ ಹೀಗೆ: ಬಟಾಣಿಯನ್ನು ಬೇಯಿಸಿ ಸಿಪ್ಪೆ ಬಿಡಿಸಬೇಕು. ಪಾಲಕ್, ಕ್ಯಾರೆಟ್, ಒಂದು ಎಸಳು ಬೆಳ್ಳುಳ್ಳಿ, ಒಂದಿಷ್ಟು ಸೀಗಡಿ ಸೇರಿಸಿ ನುಣ್ಣಗೆ ರುಬ್ಬಬೇಕು. ಉಪ್ಪು, ಎಣ್ಣೆ, ಒಗ್ಗರಣೆ ಯಾವುದೂ ಕೂಡದು. ನೀರಿನಲ್ಲಿ ಕದಡಿ ಹೋಗದಂತೆ ಜೆಲಾಟಿನ್ ಹಾಕಿ ಗಟ್ಟಿ ಮಾಡಿ, ತುಂಡು ಮಾಡಿ, ಫ್ರೀಜರಿನಲ್ಲಿಟ್ಟು, ದಿನಕ್ಕೆ ಚೂರು ಚೂರೇ ಹಾಕಬೇಕು.

ಜೆಲಾಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುವುದೆಂದು ಮಗಳು ಬಾಯಿಬಿಟ್ಟದ್ದರಿಂದ ಅದು ಬಾಗಿಲಲ್ಲೇ ನಿಂತಿತು. ಅದರ ಬದಲು ಚೈನಾ ಗ್ರಾಸ್ ಬಂತು. ಸಮುದ್ರದ ಪಾಚಿಯಿಂದ ತೆಗೆದದ್ದು, ಅಪ್ಪಟ ಸಸ್ಯಾಹಾರಿ. ಒಮ್ಮೆ ಗಟ್ಟಿಯಾದರೆ ಎಷ್ಟು ಸೆಕೆಯಿದ್ದರೂ ಕರಗುವುದಿಲ್ಲ, ಕುದಿಯುವಷ್ಟರ ಹತ್ತಿರಕ್ಕೆ ಬಿಸಿಯಾಗಬೇಕು. ಕರೆಂಟು ಹೋಗಿ ಬರುವ ನಮ್ಮ ಬಡಾವಣೆಗೆ ಇದೇ ಸರಿ.

ಇನ್ನುಳಿದದ್ದು ಸೀಗಡಿ. ಹಾಲಿನ ಪಾತ್ರೆಗೂ ಮಡಿ ಕಾಯುವ ಮನೆಗೆ ಅದನ್ನು ತರುವುದು ಹೇಗೆ? ನಮ್ಮವರು ಒಣ ಸೀಗಡಿಯ ಪೊಟ್ಟಣವೊಂದನ್ನು ತಂದು ಸ್ಕೂಟರಿನ ಸೀಟಿನ ಕೆಳಗೆ, ಹೆಲ್ಮೆಟ್ಟಿನ ಜೊತೆ ಬಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ಬಡಾವಣೆಯ ಬೆಕ್ಕುಗಳೆಲ್ಲ ಸ್ಕೂಟರಿನ ಸುತ್ತ ಕುಳಿತಿದ್ದವು. ಒಂದು ಸೀಟಿನ ಮೇಲೇ ಏರಿ, ಬೀಗದ ರಂಧ್ರಕ್ಕೆ ಮೂಗಿಟ್ಟು ಧ್ಯಾನ ಮಾಡುತ್ತಿತ್ತು. ಪೊಟ್ಟಣವನ್ನು ಹೊರಗೆ ತೆಗೆದ ಮೇಲೂ ಹೆಲ್ಮೆಟ್ಟಿನ ಸ್ಪಂಜು ಆ ವಾಸನೆಯನ್ನು ಬಿಟ್ಟುಕೊಡಲಿಲ್ಲ. ತಲೆಗೆ ಹಾಕಿದರೆ ಸೀಗಡಿ, ತೆಗೆದರೆ ದಂಡ. ನಮ್ಮವರು ಮೂಗು ಬಿಟ್ಟು ಬಾಯಿಯಲ್ಲಿ ಉಸಿರಾಡುತ್ತಾ ಸಿಗ್ನಲ್ಲಿನಲ್ಲಿ ನಿಲ್ಲುತ್ತಿದ್ದರು. ಜಾಮೂನಿಗೂ ಅವರಿಗೂ ಆಗ ಬಹಳ ಹೋಲಿಕೆಯಿತ್ತು.

ರುಬ್ಬುವ ದಿನ ನಾನು ಮಿಕ್ಸಿಯ ಜಾರುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸೀಗಡಿ ಹಿತ್ತಲಿನ ಹಳೆಯ ಒರಳಿಗೆ ಹೋಯಿತು, ಬೆಕ್ಕುಗಳೂ ಹಿತ್ತಲಿಗೆ ಹೋದವು. ಅಡುಗೆಮನೆಯಲ್ಲಿ ತರಕಾರಿ ಬೇಯುತ್ತಿದ್ದಾಗ ಅತ್ತೆ ಒಮ್ಮೆ ಬಂದು ಇಣುಕಿದರು. "ಉಪ್ಪಿಲ್ಲದೆ ಅಡುಗೆಯೇನೋ?" ಎಂದು ಮಗನನ್ನು ಕೇಳಿದರು. "ಮೀನಿಗೆ ಬೇಡಮ್ಮಾ" ಎಂದರು ಇವರು. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯ ಮೊದಲರ್ಧವನ್ನಷ್ಟೇ ಹೇಳಿ ಅತ್ತೆ ನಿಲ್ಲಿಸಿದರು. ತಾಯಿಗಿಂತ ಬಂಧುವಿಲ್ಲ ಎಂಬ ಉತ್ತರಾರ್ಧವನ್ನು ಮಗ ತಾನೇ ಅರ್ಥಮಾಡಿಕೊಳ್ಳಲಿ ಎಂದಿರಬೇಕು. ಆಮೇಲೆ ಇವರು ಬೆಕ್ಕು ಓಡಿಸಲು ಹಿತ್ತಲಿಗೆ ಹೋದ ಸಮಯದಲ್ಲಿ, ಬೆಳ್ಳುಳ್ಳಿಯನ್ನು ಎತ್ತಿ ಹೊರಗಿಟ್ಟು, ನಮ್ಮಲ್ಲಿ ಎಂದಿನಿಂದಲೂ ಬೆಳ್ಳುಳ್ಳಿಯ ಜಾಗಕ್ಕೆ ಏನು ಬೀಳುತ್ತದೋ ಅದನ್ನೇ, ಅಂದರೆ ಒಂದು ಚಿಟಿಕೆ ಇಂಗನ್ನು ಹಾಕಿದರು. ಇಂಗು ಒಣಗಿ ಕೂರಬಾರದೆಂದು ಒಂದು ಚಮಚ ತುಪ್ಪವನ್ನೂ ಬಿಟ್ಟರು. ನೋಡಿದವಳು ನಾನೊಬ್ಬಳೇ. ಅತ್ತೆ ಸೊಸೆಯರ ಸಂಬಂಧ ಚೆನ್ನಾಗಿರುವ ಮನೆಗಳಲ್ಲಿ ಇಂಥದ್ದನ್ನೆಲ್ಲ ಹೇಳುವ ಪದ್ಧತಿಯಿಲ್ಲ.

ಹಸಿರು ತುಂಡುಗಳು ಫ್ರೀಜರ್ ಸೇರಿದವು. ಈ ಹಂತದಲ್ಲಿ ಯಾರಾದರೂ ನೆಂಟರು ಬಂದು ಬರ್ಫಿಯೆಂದು ಬಾಯಿಗೆ ಹಾಕಿಕೊಳ್ಳಬೇಕೆಂದು ನೀವು ಕಾಯುತ್ತಿದ್ದರೆ ನಿರಾಶೆ ಖಂಡಿತ. ನಮ್ಮ ನೆಂಟರಲ್ಲಿ ಯಾರೂ ಹಸಿರು ಬಣ್ಣದ್ದನ್ನು ಕೇಳದೆ ಮುಟ್ಟುವುದಿಲ್ಲ.

ಮೊದಲ ಬಡಿಸುವಿಕೆಗೆ ಮನೆಯವರೆಲ್ಲ ತೊಟ್ಟಿಯ ಮುಂದೆ ಸೇರಿದೆವು. ನಮ್ಮವರು ಕಡಲೆಯಷ್ಟು ಚೂರನ್ನು ನೀರಿಗೆ ಬಿಟ್ಟರು. ಜಾಮೂನು ಓಡಿ ಬಂದು ಗುಳುಂ ಎಂದು ಒಳಗೆಳೆದುಕೊಂಡಿತು. ಇವರು ನಮ್ಮತ್ತ ತಿರುಗಿ ಗೆಲುವಿನ ನಗೆ ನಗುವಷ್ಟರಲ್ಲಿ ಥೂ ಎಂದು ಹೊರಗೆ ಉಗುಳಿತು. ಮತ್ತೆ ಎಳೆದುಕೊಂಡಿತು, ಮತ್ತೆ ಉಗುಳಿತು. ಚಿರೋಟಿ ಬಂದು ಆ ಉಗುಳಿದ್ದನ್ನು ಎತ್ತಿಕೊಂಡು ತಾನೂ ಉಗುಳಿತು.

ಇವರ ಮುಖ ನೋಡಬೇಕಿತ್ತು. ಮದುವೆಯಾದ ಲಾಗಾಯ್ತಿನಿಂದ ನನ್ನ ಹುಳಿಯ ಮೊದಲ ತುತ್ತಿಗೆ "ಏನೋ ಒಂದು ಕಡಿಮೆಯಾಗಿದೆ" ಎಂದು ಹೇಳಿ, ಆ ಏನೋ ಯಾವುದೆಂದು ಇವತ್ತಿನವರೆಗೂ ಹೇಳದ ಮಹಾನುಭಾವರು. ಈಗ ಗಾಜಿಗೆ ಮೂಗು ತಾಗಿಸಿ, "ಬಿಸಿ ಹೆಚ್ಚಾಯಿತೇ? ಗಟ್ಟಿಯಾಯಿತೇ? ಕ್ಯಾರೆಟ್ ಬೇಡವಾಗಿತ್ತೇ?" ಎಂದು ಎರಡು ಮೀನುಗಳನ್ನು ಬೇಡಿಕೊಳ್ಳುತ್ತಿದ್ದರು. "ಏನೋ ಒಂದು ಕಡಿಮೆಯಾಗಿರಬೇಕು" ಎಂದೆ ನಾನು. ಹೆಚ್ಚಾದದ್ದರ ವಿಷಯ ನಾನೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಉಗುಳುವಿಕೆ ಅವಮಾನವೇನಲ್ಲ. ಗೋಲ್ಡ್‌ಫಿಶ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಬಾಯಿಗೆ ಬಂದದ್ದರಲ್ಲಿ ಯಾವುದು ತಿನಿಸು, ಯಾವುದು ಕಲ್ಲು ಎಂದು ಒಳಗೇ ಹೆಕ್ಕಿ, ದೊಡ್ಡದನ್ನು ಉಗುಳಿ ಮತ್ತೆ ಎತ್ತಿಕೊಳ್ಳುವುದು ಅದರ ಊಟದ ಕ್ರಮ. ಅಂತೂ ನಾಲ್ಕು ಉಗುಳಿನ ನಂತರ ಚೂರು ಒಳಗೇ ಉಳಿಯಿತು. ಈ ವಿಷಯವನ್ನು ನಾನು ಅದೇ ಸಂಜೆ ಓದಿ ತಿಳಿದುಕೊಂಡೆ. ಇವರಿಗೆ ಹೇಳಿದ್ದು ಮುಂದಿನ ವಾರ.

ತುಪ್ಪ ಮಾತ್ರ ತನ್ನ ಗುಣ ತೋರಿಸಿತು. ಮರುದಿನ ನೀರಿನ ಮೇಲೆ ತೆಳ್ಳನೆಯ ಪೊರೆ ಕಾಮನಬಿಲ್ಲಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಜಿಡ್ಡು ಹೀಗೆ ಮುಚ್ಚಿದರೆ ನೀರಿಗೆ ಗಾಳಿ ಸರಿಯಾಗಿ ಬೆರೆಯುವುದಿಲ್ಲ. ಅದಕ್ಕೆ ಸುಲಭದ ಉಪಾಯವೆಂದರೆ ಕಾಗದವನ್ನು ನೀರಿನ ಮೇಲೆ ಹಾಸಿ ಮೆಲ್ಲಗೆ ಎತ್ತುವುದು. ಜಿಡ್ಡು ಕಾಗದಕ್ಕೆ ಹತ್ತಿಕೊಂಡು ಬರುತ್ತದೆ. ಕೈಗೆ ಸಿಕ್ಕಿದ್ದು ಅಂದಿನ ಪತ್ರಿಕೆಯ ರಾಶಿಫಲದ ಪುಟ. ಹಾಸಿ ಎತ್ತುವಾಗ ಮಗಳು ಬಗ್ಗಿ ಓದಿದಳು: "ಮೀನ ರಾಶಿ. ಆಹಾರದಲ್ಲಿ ಮಿತಿಯಿರಲಿ. ಹಿರಿಯರಿಂದ ಅನುಕೂಲ." ಮೊದಲನೆಯ ವಾಕ್ಯದ ಮಟ್ಟಿಗೆ ನನಗೆ ಜ್ಯೋತಿಷ್ಯದಲ್ಲಿ ನಂಬಿಕೆ ಬಂತು.

ಹಿರಿಯರ ಅನುಕೂಲ ಅಲ್ಲಿಗೆ ನಿಲ್ಲಲಿಲ್ಲ. ಅತ್ತೆಗೆ ಮೀನಿಗೆ ಊಟ ಹಾಕುವುದೆಂದರೆ ಶೃಂಗೇರಿ. ಶಾರದೆಯ ದರ್ಶನ ಮುಗಿಸಿ ತುಂಗೆಯ ಮೆಟ್ಟಿಲಿಳಿದು, ಮೊಳದುದ್ದದ ಮೀನುಗಳಿಗೆ ಪುರಿ ಎರಚದೆ ಅವರು ಯಾವ ಸಲವೂ ಹಿಂದಿರುಗಿದ್ದಿಲ್ಲ. ಅಲ್ಲಿ ಆಗುವುದು ಇಲ್ಲೇಕೆ ಆಗಬಾರದೆಂದು ಮಧ್ಯಾಹ್ನ ಎಲ್ಲರೂ ಮಲಗಿದಾಗ ಒಂದು ಹಿಡಿ ಪುರಿಯನ್ನು ತೊಟ್ಟಿಗೂ ದಯಪಾಲಿಸಿದರು. ತುಂಗೆ ಹರಿಯುತ್ತಾಳೆ. ಮೀನು ಬಿಟ್ಟದ್ದನ್ನು ಹೊತ್ತುಕೊಂಡು ಕೂಡಲಿಯವರೆಗೆ ಹೋಗಿ ಭದ್ರೆಗೆ ಒಪ್ಪಿಸುತ್ತಾಳೆ. ನಮ್ಮ ನಡುಮನೆಯ ನೀರು ಎಲ್ಲಿಗೆ ಹೋದೀತು? ಪುರಿ ತಳದಲ್ಲಿ ಕೊಳೆಯಿತು, ಕೊಳೆತದ್ದು ಅಮೋನಿಯಾ ಆಯಿತು, ಹೊಸ ಫಿಲ್ಟರಿನಲ್ಲಿ ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ಇನ್ನೂ ಬೆಳೆದಿರಲಿಲ್ಲ. ಇತ್ತ ತೇಲುವ ಪುರಿಯ ಜೊತೆಗೆ ಗಾಳಿಯನ್ನೂ ನುಂಗಿದ ಜಾಮೂನು ಹೊಟ್ಟೆ ಮೇಲೆ ಮಾಡಿಕೊಂಡು ತೇಲತೊಡಗಿತು.

ಮಗಳು ಅತ್ತಳು. ಅಂಗಡಿಯವನು ಫೋನಿನಲ್ಲಿ, ಗುಂಡು ಮೈಯ ತಳಿಗಳಿಗೆ ಇದು ಸಾಮಾನ್ಯ, ಒಂದೆರಡು ದಿನ ಏನೂ ಹಾಕಬೇಡಿ, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯನ್ನಷ್ಟೇ ಕೊಡಿ ಎಂದ. ಉಪವಾಸ ಎಂದ ಕೂಡಲೇ ಅತ್ತೆಯ ಮುಖ ಅರಳಿತು. ಪಂಚಾಂಗ ತೆರೆದು ನೋಡಿದರೆ ಮರುದಿನವೇ ಏಕಾದಶಿ. ಮೂವರೂ ಸೇರಿ ಆಚರಿಸಿದರು. ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಜಾಮೂನಿಗೂ ಚಿರೋಟಿಗೂ ಅರ್ಧರ್ಧ ಬಟಾಣಿ ಸಂದಿತು. ಸಂಜೆಯ ಹೊತ್ತಿಗೆ ಜಾಮೂನು ನೆಟ್ಟಗಾಯಿತು. ಅಷ್ಟೆಲ್ಲ ಸೀಗಡಿ, ಒರಳು, ಬೆಕ್ಕು, ಹೆಲ್ಮೆಟ್ಟುಗಳ ನಂತರ ಉಗುಳದೆ ತಿಂದದ್ದು ಬರೀ ಬೆಂದ ಬಟಾಣಿಯನ್ನು ಎಂಬುದು ಇವರಿಗೆ ಬಹಳ ನೋವು ಕೊಟ್ಟಿತು.

ಇನ್ನು ನೀರು ಬದಲಿಸುವ ಕೆಲಸ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದು ದಿನ ತೆರೆದಿಟ್ಟು ಹಾಕಬೇಕು. ಅದಕ್ಕೆ ತಾರಸಿಯ ಮೇಲೆ ಬಕೆಟ್ಟುಗಳು ಸಾಲುಗಟ್ಟಿದವು. ಅಷ್ಟರಲ್ಲಿ ಮಳೆ ಹಿಡಿಯಿತು, ಕಾಲೇಜು ಶುರುವಾಯಿತು, ಮೂಲೆಯ ಬಕೆಟ್ಟೊಂದು ಎಲ್ಲರ ನೆನಪಿನಿಂದ ಜಾರಿತು. ಒಂದು ಭಾನುವಾರ ಇವರು ಮೇಲಿನಿಂದ ಓಡಿ ಬಂದು, "ರುಬ್ಬಬೇಕಿಲ್ಲ, ಬೇಯಿಸಬೇಕಿಲ್ಲ! ತಾನಾಗಿಯೇ ಹುಟ್ಟಿದೆ!" ಎಂದರು. ಹೋಗಿ ನೋಡಿದರೆ ಬಕೆಟ್ಟಿನ ತುಂಬ ಸೊಳ್ಳೆಯ ಮರಿಹುಳುಗಳು ಕುಣಿಯುತ್ತಿದ್ದವು. ಒಂದು ಸೌಟು ತೊಟ್ಟಿಗೆ ಬಿದ್ದದ್ದೇ ತಡ, ಆ ಎರಡು ಮೀನುಗಳು ಓಡಾಡಿದ ಪರಿಯೇ ಬೇರೆ. ಒಂದು ಉಗುಳೂ ಇಲ್ಲ. ಇವರು ಕೈಕಟ್ಟಿ ನಿಂತು, ಅಡುಗೆ ತಾವೇ ಮಾಡಿದವರಂತೆ ಬೀಗಿದರು.

ಆಶಾ ಕಾರ್ಯಕರ್ತೆ ಬಂದದ್ದು ಮರುದಿನವೇ. ಡೆಂಗಿಯ ಕಾಲ, ಮನೆಮನೆಗೆ ಬಂದು ಡ್ರಮ್ಮು, ಹೂಕುಂಡ, ಸಂಪು ಎಲ್ಲವನ್ನೂ ಟಾರ್ಚು ಬಿಟ್ಟು ನೋಡುತ್ತಾರೆ. ಆಕೆ ತಾರಸಿಗೆ ಹತ್ತಿದಾಗ ನನಗೆ ಜೀವ ಹಾರಿತು. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ಸೊಳ್ಳೆ ಬೆಳೆಸುವ ನಗರದ ಮನೆಗಳಿಗೆ 400 ರೂಪಾಯಿ ದಂಡವೆಂದು ಸರ್ಕಾರ ಗೊತ್ತುಮಾಡಿದ್ದು ನೆನಪಿತ್ತು. ಬಕೆಟ್ಟನ್ನು ನೋಡಿ ಆಕೆ, "ಏನಮ್ಮಾ ಇದು?" ಎಂದರು. ನಾನು ಬಾಯಿ ತೆರೆಯುವ ಮುನ್ನ ಹಿಂದಿನಿಂದ ಅತ್ತೆ ಬಹಳ ಹೆಮ್ಮೆಯಿಂದ, "ನಮ್ಮ ಮಗ ಬೆಳೆಸಿದ್ದಾನೆ" ಎಂದರು.

ಪುಣ್ಯಕ್ಕೆ ಆಕೆಗೆ ನಗು ಬಂತು. ಈ ಹುಳುಗಳು ಹೆಚ್ಚೆಂದರೆ ಹತ್ತು ದಿನಗಳೊಳಗೆ ರೆಕ್ಕೆ ಮೂಡಿಸಿಕೊಂಡು ಹಾರುತ್ತವೆ, ಆಗ ತಿನ್ನುವ ಸರದಿ ಅವುಗಳದ್ದು ಎಂದು ಹೇಳಿ, ಬಕೆಟ್ಟನ್ನು ತಾವೇ ಬಿಸಿಲಿಗೆ ಬೋರಲು ಹಾಕಿದರು. ದಂಡ ಬರೆಯಲಿಲ್ಲ. ಮುಚ್ಚಳ ಸರಿಯಿಲ್ಲದ ನಮ್ಮ ಸಂಪನ್ನು ನೋಡಿ, ಎರಡು ದಿನ ಬಿಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಗಪ್ಪಿ ಮೀನುಗಳನ್ನು ತಂದು ಬಿಟ್ಟರು. "ಸೊಳ್ಳೆ ಮೊಟ್ಟೆಯಿಟ್ಟರೂ ಇವು ಮರಿಗಳನ್ನು ಮುಗಿಸುತ್ತವೆ. ನೀವು ಇವಕ್ಕೆ ಏನನ್ನೂ ಹಾಕಬಾರದು" ಎಂದು, ಯಾರು ಹೇಳಿಕೊಟ್ಟರೋ, ಅತ್ತೆಯ ಮುಖವನ್ನೇ ನೋಡಿ ಹೇಳಿದರು.

ಅತ್ತೆ ತಲೆಯಾಡಿಸಿದರು. ಆಕೆ ಗೇಟು ದಾಟಿದ ಮೇಲೆ ಸಂಪಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿ, "ಎಷ್ಟು ಸಣ್ಣಗಿವೆ ನೋಡಮ್ಮಾ, ಎಲುಬೆಲ್ಲ ಕಾಣಿಸುತ್ತಿದೆ" ಎಂದರು. ಗಪ್ಪಿಯ ಮೈ ಇರುವುದೇ ಹಾಗೆ, ಪಾರದರ್ಶಕ ಎಂದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು. ಪುರಿಯ ಡಬ್ಬದ ಮುಚ್ಚಳ ತೆರೆದ ಸದ್ದಿಗೆ ನಾನು ಹಿಂದೆಯೇ ಓಡಿದೆ.