ಲಿವರ್ ರೋಗಿಯ ಎದೆಯಲ್ಲಿ ನೀರು ಕಂಡರೆ ಮೊದಲು ಆ ನೀರನ್ನು ಪರೀಕ್ಷೆ ಮಾಡಿಸಿ

ನಮ್ಮ ಕೊಪ್ಪಳ, ರಾಯಚೂರು ಕಡೆ ಎದೆಯಲ್ಲಿ ನೀರು ತುಂಬಿದೆ ಅಂದ ಕೂಡಲೇ ಎಲ್ಲರ ಬಾಯಿಗೆ ಬರುವುದು ಟಿಬಿ. ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಆದರೆ ಆ ಮನುಷ್ಯನಿಗೆ ಮೊದಲೇ ಲಿವರ್ ಸಿರೋಸಿಸ್, ಅಂದರೆ ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ, ಇದ್ದರೆ ಲೆಕ್ಕವೇ ಬೇರೆ. ಆ ಕಾಯಿಲೆಯಲ್ಲಿ ಹೊಟ್ಟೆಯೊಳಗೆ ತುಂಬುವ ನೀರೇ ಮೇಲೇರಿದ್ದಿರಬಹುದು. ಅದರಲ್ಲಿ ಸೋಂಕೂ ಸೇರಿರಬಹುದು.

ಹೊಟ್ಟೆಗೂ ಎದೆಗೂ ನಡುವೆ ವಪೆ ಇದೆಯಲ್ವಾ, ಅದರಲ್ಲಿ ತೀರಾ ಸಣ್ಣ ತೂತುಗಳಿರಬಹುದು. ಪ್ರತಿ ಉಸಿರಿಗೂ ಎದೆ ಹೊಟ್ಟೆಯ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೆಚ್ಚಾಗಿ ಬಲಗಡೆಯೇ ತುಂಬುತ್ತದೆ. ಕೆಲವರಿಗೆ ಹೊಟ್ಟೆ ಉಬ್ಬಿರುವುದೇ ಇಲ್ಲ, ನೀರೆಲ್ಲ ಎದೆಯಲ್ಲೇ. ಈ ನೀರಿನಲ್ಲಿ ಪ್ರೋಟೀನ್ ಕಡಿಮೆ, ರೋಗಾಣುವಿನ ಜೊತೆ ಹೋರಾಡುವ ಶಕ್ತಿಯೂ ಕಡಿಮೆ. ಕರುಳಿನ ಈ-ಕೋಲೈ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ರಕ್ತ ಸೇರಿ ಇಲ್ಲಿಗೆ ಬಂದರೆ ಬೆಳೆಯುವುದು ಸುಲಭ. ನ್ಯುಮೋನಿಯಾ ಇಲ್ಲದೆಯೂ ಹೀಗಾಗುತ್ತದೆ. ವೈದ್ಯರು ಇದಕ್ಕೆ ಸ್ಪಾಂಟೇನಿಯಸ್ ಬ್ಯಾಕ್ಟೀರಿಯಲ್ ಎಂಪೈಮಾ ಅನ್ನುತ್ತಾರೆ.

ಗಂಗಾವತಿಯ ನಮ್ಮ ಸಂಬಂಧಿಕರೊಬ್ಬರಿಗೆ ಇದೇ ಆಯಿತು. ಜ್ವರ, ದಮ್ಮು. ಪಕ್ಕದ ಕ್ಲಿನಿಕ್‌ನಲ್ಲಿ ನೋವಿನ ಸೂಜಿ ಚುಚ್ಚಿ ಕಳಿಸುತ್ತಿದ್ದರು. ಸಿರೋಸಿಸ್ ಇದ್ದವರಿಗೆ ಡೈಕ್ಲೋಫಿನಾಕ್‌ನಂಥ ಸೂಜಿ ಕಿಡ್ನಿಗೇ ಹೊಡೆತ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಯುವ ವೈದ್ಯೆ ಅವರನ್ನು ಮಂಚದ ಮೇಲೆ ಮುಂದಕ್ಕೆ ಬಾಗಿಸಿ ಕೂರಿಸಿ, ಬೆನ್ನಿನಿಂದ ನೀರು ತೆಗೆದರು. ಸಿರಿಂಜಿನಲ್ಲಿ ಬಂದದ್ದು ಜೋಳದ ದಂಟಿನ ಬಣ್ಣದ ತಿಳಿ ನೀರು. ಕೀವು ಅಂತ ಹೇಳಲು ಏನೂ ಇರಲಿಲ್ಲ. ಮನೆಯವರಿಗೆಲ್ಲ ಸಮಾಧಾನ. ಆ ವೈದ್ಯೆ ಮಾತ್ರ ಅಲ್ಲೇ ನಿಂತು ಸ್ವಲ್ಪ ನೀರನ್ನು ರೋಗಾಣು ಬೆಳೆಯುತ್ತದಾ ಅಂತ ನೋಡುವ ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿ, ಉಳಿದದ್ದನ್ನು ಕಣಗಳನ್ನು ಎಣಿಸುವ ಸೆಲ್ ಕೌಂಟ್‌ಗೆ ಕಳಿಸಿದರು.

ನೋಡಲು ತಿಳಿಯಾಗಿದೆ ಅಂತ ಈ ನೀರನ್ನು ನಂಬಬಾರದು. ಒಂದು ಘನ ಮಿಲಿಮೀಟರ್‌ನಲ್ಲಿ ನ್ಯೂಟ್ರೋಫಿಲ್ ಕಣಗಳು (ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು) 500ಕ್ಕಿಂತ ಜಾಸ್ತಿ ಇದ್ದರೆ, ಅಥವಾ 250 ದಾಟಿ ಕಲ್ಚರ್‌ನಲ್ಲೂ ರೋಗಾಣು ಬೆಳೆದರೆ, ನ್ಯುಮೋನಿಯಾ ಇಲ್ಲ ಅಂತ ಎಕ್ಸ್‌ರೇಯಲ್ಲಿ ಖಚಿತವಾದ ಮೇಲೆ ಇದೇ ಸೋಂಕು ಅಂತ ಹಿಡಿಯುತ್ತಾರೆ. ಟಿಬಿ ಅನುಮಾನವಿದ್ದರೆ ಅದೇ ನೀರಿನಲ್ಲಿ ಅದಕ್ಕೂ ಪರೀಕ್ಷೆ ಮಾಡಬಹುದು. ಕೌಂಟ್ ಜಾಸ್ತಿ ಬಂದರೆ ಕಲ್ಚರ್ ರಿಪೋರ್ಟ್‌ಗೆ ಕಾಯದೆ ಆಂಟಿಬಯಾಟಿಕ್ ಶುರುವಾಗಬೇಕು. ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್ ಅಥವಾ ಸೆಫೊಟಾಕ್ಸಿಮ್, ರಕ್ತನಾಳದ ಮೂಲಕ, 7ರಿಂದ 10 ದಿನ.

ಇನ್ನೊಂದು ಮಾತು. ಎದೆಗೆ ಪೈಪ್ ಹಾಕಿ ಎಲ್ಲಾ ನೀರನ್ನೂ ಹರಿಸಿಬಿಡಿ ಅಂತ ಮನೆಯವರೇ ಒತ್ತಾಯ ಮಾಡುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಸಿರೋಸಿಸ್‌ನ ನೀರು ಹರಿಸಿದಷ್ಟೂ ತುಂಬುತ್ತದೆ. ಪೈಪಿನಲ್ಲಿ ಪ್ರೋಟೀನ್, ಲವಣ ಎಲ್ಲಾ ಹೋಗಿ ಕಿಡ್ನಿ ಸೋಲಬಹುದು. ನಿಜವಾದ ಕೀವು ಬಂದರೆ ಮಾತು ಬೇರೆ. ಉಸಿರಾಡಲು ಕಷ್ಟವಾದರೆ ಸೂಜಿಯಿಂದ ಬೇಕಾದಷ್ಟು ತೆಗೆಯುತ್ತಾರೆ.

ಎಲ್ಲರಿಗೂ ಜ್ವರ ಬರಲೇಬೇಕು ಅಂತಿಲ್ಲ. ರಾತ್ರಿ ನಿದ್ದೆಯಿಲ್ಲದೆ ಹಗಲೆಲ್ಲ ಮಂಪರು, ತೊದಲುವ ಮಾತು, ಇದ್ದಕ್ಕಿದ್ದಂತೆ ಮೂತ್ರ ಕಡಿಮೆಯಾಗುವುದು, ಇವೂ ಸೂಚನೆಯೇ. "ಕುಡಿದು ಕುಡಿದು ಹಿಂಗಾಗ್ಯಾನ, ಬಿಡು" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೆಪಟೈಟಿಸ್ ಬಿ, ಸಿ, ಸಕ್ಕರೆ ಕಾಯಿಲೆ ಜೊತೆಗಿನ ಫ್ಯಾಟಿ ಲಿವರ್‌ನಿಂದಲೂ ಸಿರೋಸಿಸ್ ಬರುತ್ತದೆ. ಕುಡಿದೇ ಬಂದಿದ್ದರೂ ಆ ನೀರನ್ನು ಪರೀಕ್ಷೆ ಮಾಡಬೇಡಿ ಅಂತ ಯಾವ ಧರ್ಮ ಹೇಳುತ್ತದೆ?

ಚಿಕಿತ್ಸೆ ಸಿಕ್ಕರೂ ಐವರಲ್ಲಿ ಒಬ್ಬರಷ್ಟು ಈ ಸೋಂಕಿನಲ್ಲಿ ಉಳಿಯುವುದಿಲ್ಲ. ಗುಣವಾಗಿ ಬಂದವರು ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಬಜ್ಜಿ ಬಿಡಬೇಕು, ದಿನದ ಒಟ್ಟು ಉಪ್ಪು 5 ಗ್ರಾಂ ಒಳಗಿರಬೇಕು. ಲಿವರ್ ಕಸಿ ಸಾಧ್ಯವಾ ಅಂತ ತಜ್ಞರನ್ನು ಆಗಲೇ ಕೇಳಿ, ಇನ್ನೊಮ್ಮೆ ಅಡ್ಮಿಟ್ ಆಗುವವರೆಗೆ ಕಾಯಬೇಡಿ.