ಬಸ್ಸು ಬರುವವರೆಗಿನ ಎರಡು ಗಂಟೆ

ಕುಮಟಾ, ಅಂಕೋಲಾ ಕಡೆಯ ಒಳಹಳ್ಳಿಗಳಿಂದ ಪೇಟೆಗೆ ಓದಲು ಬರುವ ಎಷ್ಟೋ ಮಕ್ಕಳಿಗೆ ತರಗತಿ ಮುಗಿಯುವುದು ನಾಲ್ಕಕ್ಕೆ, ಊರಿನ ಬಸ್ಸು ಸಿಗುವುದು ಆರಕ್ಕೆ. ಮಳೆಗಾಲದಲ್ಲಂತೂ ಹೊರಗೆ ನಿಲ್ಲಲಾಗದ ಆ ಎರಡು ಗಂಟೆಗೆ ಬಸ್ ನಿಲ್ದಾಣದ ಸಮೀಪದ ಗ್ರಂಥಾಲಯವೇ ಅವರ ಆಸರೆ.

ಕಳೆದ ಜುಲೈನಲ್ಲಿ ಊರಿಗೆ ಬಂದಿದ್ದಾಗ ಅಂಥದೊಂದು ಗ್ರಂಥಾಲಯದಲ್ಲಿ ಕುಳಿತಿದ್ದೆ. ಏಳೆಂಟು ಹುಡುಗರು ತೊಟ್ಟಿಕ್ಕುವ ಕೊಡೆಗಳನ್ನು ಬಾಗಿಲ ಬಳಿ ಒರಗಿಸಿ ಒಳಬಂದು, ಒಂದೇ ಮೊಬೈಲಿನ ಸುತ್ತ ತಲೆ ಸೇರಿಸಿದರು. ರೀಲ್ಸ್ ಸದ್ದು, ನಗು ಜೋರಾದಾಗ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಗ್ರಂಥಪಾಲಕರತ್ತ ನೋಡಿದರು. ಗ್ರಂಥಪಾಲಕರು ಮರದ ಸ್ಕೇಲಿನಿಂದ ಮೇಜು ಕುಟ್ಟಿ, "ಯಾರ ಮನೆ ಮಾಣಿಗಳೋ ನೀವು? ಓದೂಕೆ ಬಂದವ್ರಲ್ಲ, ಹೊರಗೆ ನಡೀರಿ" ಎಂದರು. ಗುಂಪಿನ ಕೊನೆಯಲ್ಲಿ ಕುಳಿತು ತನ್ನ ಪಾಡಿಗೆ ಲೆಕ್ಕ ಬಿಡಿಸುತ್ತಿದ್ದ ಹುಡುಗನೂ ನೋಟುಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು ಮಳೆಗೆ ಇಳಿದ.

ಮೂವತ್ತು ವರ್ಷಗಳ ಹಿಂದೆ ನನ್ನನ್ನೂ ಹೀಗೆಯೇ ಎಬ್ಬಿಸಿ ಕಳಿಸಿದ್ದರು. ದೂರು ಅಪ್ಪನವರೆಗೂ ಹೋಯಿತು. ಮುಂದೆ ಎರಡು ವರ್ಷ ನಾನು ಆ ಮೆಟ್ಟಿಲು ಹತ್ತಲಿಲ್ಲ.

ನಾನೀಗ ಇರುವುದು ಅಮೆರಿಕದ ಷಿಕಾಗೋ ಸಮೀಪ. ಅಲ್ಲಿನ ಹೆರಾಲ್ಡ್ ವಾಷಿಂಗ್ಟನ್ ಗ್ರಂಥಾಲಯದಲ್ಲಿ 2009ರಿಂದ 'ಯುಮೀಡಿಯಾ' ಎಂಬ ವಿಭಾಗ ಹದಿಹರೆಯದವರಿಗೆಂದೇ ಇದೆ; ಅಲ್ಲಿ ಹಾಡು ಧ್ವನಿಮುದ್ರಿಸಲೂ ಅನುಕೂಲವಿದೆ. ಅದಕ್ಕೆ ಬೇಕಾಗುವ ಹಣ ನಮ್ಮಲ್ಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲಿ ನಾನಿರುವ ಬಡಾವಣೆಯ ಸಣ್ಣ ಗ್ರಂಥಾಲಯದ ಪದ್ಧತಿಗೆ ಹಣವೇ ಬೇಡ. ಗಲಾಟೆ ಮಾಡಿದವನ ಬಳಿಗೆ ಸಿಬ್ಬಂದಿಯೇ ನಡೆದುಹೋಗಿ, ಅವನೊಬ್ಬನಿಗೇ ಕೇಳುವಂತೆ, ಏನು ನಿಲ್ಲಿಸಬೇಕೆಂದು ಹೇಳುತ್ತಾರೆ. ಎರಡನೆಯ ಸಲವೂ ಹೇಳುತ್ತಾರೆ. ಮೂರನೆಯ ಸಲ ಆ ದಿನದ ಮಟ್ಟಿಗೆ ಹೊರಗೆ ಕಳಿಸಿ, ನಾಳೆ ಬಾ ಎನ್ನುತ್ತಾರೆ. ಈ ನಿಯಮ ವಯಸ್ಸಾದವರಿಗೂ ಒಂದೇ. ಗುಂಪಿಗೆ ಗುಂಪನ್ನೇ ಎಬ್ಬಿಸಿದ್ದನ್ನು ನಾನು ಅಲ್ಲಿ ಕಂಡಿಲ್ಲ. ಸಂಜೆ ಮಕ್ಕಳು ಹಸಿದಿರುತ್ತಾರೆ, ಅರ್ಧ ತಂಟೆ ಹಸಿವಿನದೇ ಎಂದು ತಿಳಿದು ಬಿಸ್ಕತ್ತು ಇಡುವುದೂ ಉಂಟು.

ಅಲ್ಲಿನದೆಲ್ಲ ಅನುಕರಣೀಯವಲ್ಲ. ದೊಡ್ಡವರು ಜೊತೆಗಿಲ್ಲದೆ ಹದಿಹರೆಯದವರನ್ನು ಒಳಗೇ ಬಿಡದ ಗ್ರಂಥಾಲಯಗಳೂ, ಸಮವಸ್ತ್ರದ ಕಾವಲುಗಾರರಿಂದಲೇ ಶಿಸ್ತು ಕಾಯುವ ಗ್ರಂಥಾಲಯಗಳೂ ಆ ದೇಶದಲ್ಲಿವೆ. ಅದಕ್ಕಿಂತ "ಯಾರ ಮನೆ ಮಾಣಿ?" ಎಂದು ಕೇಳಬಲ್ಲ ನಮ್ಮವರೇ ಮೇಲು. ಮಗುವಿನ ಮನೆ, ಹಳ್ಳಿ, ಬಸ್ಸು ಎಲ್ಲವೂ ಗೊತ್ತಿರುವವರು ಆ ಪ್ರಶ್ನೆಯನ್ನು ಹೊರಗೆ ಕಳಿಸಲು ಬಳಸುತ್ತಾರಲ್ಲ, ಅದೇ ನನ್ನ ನೋವು. ಅದೇ ಮಾತನ್ನು ಪಕ್ಕದಲ್ಲಿ ಕುಳಿತು ಕೇಳಿದ್ದರೆ ಲೆಕ್ಕದ ಹುಡುಗ ಉಳಿದುಕೊಳ್ಳುತ್ತಿದ್ದ.

ನಮ್ಮಲ್ಲಿ ಗ್ರಂಥಾಲಯ ಕಾಯ್ದೆ 1965ರಿಂದಲೇ ಇದೆ. ಆಸ್ತಿ ತೆರಿಗೆಯ ಜೊತೆಗೆ ಈ ಮಕ್ಕಳ ಮನೆಯವರೂ ಗ್ರಂಥಾಲಯ ಕರ ಕಟ್ಟುತ್ತಾರೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟವು. ಹೀಗೆ ಕರೆದು ಸದಸ್ಯರನ್ನಾಗಿ ಮಾಡಿಕೊಂಡ ಮಕ್ಕಳು ಮಕ್ಕಳಂತೆಯೇ ಬರುತ್ತಾರೆ, ಮಾತನಾಡುತ್ತಾರೆ. ಮಾತಿಗೆಂದು ಜಗುಲಿಯಲ್ಲಿ ಜಾಗ ಬಿಟ್ಟು, ಓದುವವರಿಗೆ ಒಳಕೋಣೆ ಇಟ್ಟರೆ ಹಿರಿಯರ ಪತ್ರಿಕೆಗೂ ನೆಮ್ಮದಿ ಸಿಗುತ್ತದೆ.

ಆ ಸಂಜೆ ಗ್ರಂಥಪಾಲಕರಿಗೆ ಇದನ್ನೇ ಹೇಳಿ, ಜಗುಲಿಗೆ ಎರಡು ಬೆಂಚು ನಾನು ಮಾಡಿಸಿಕೊಡುತ್ತೇನೆ ಎಂದೆ. ಅವರು ಪುಸ್ತಕ ಕೊಡುವ ವಹಿ, ಪತ್ರಿಕೆಗಳ ಕಟ್ಟು, ಕಸಬರಿಗೆ ಮೂರನ್ನೂ ತೋರಿಸಿ, "ಬೆಂಚು ಆಗ್ಲಿ ತಮ್ಮಾ, ಆದ್ರೆ ಸಂಜೆ ಹೊತ್ತಿಗೆ ಇನ್ನೊಂದು ಜನ ಬೇಕು. ಎದ್ದು ಅವ್ರ ಹತ್ರ ಹೋಗೂಕೆ ನಂಗೆ ಪುರಸೊತ್ತೆಲ್ಲಿದೆ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬೆಂಚಿಗೆ ಮೊದಲು ಆ ಇನ್ನೊಬ್ಬರನ್ನೇ ನಾವು ಕೇಳಬೇಕು.