ರೋಗ ಹೋತಂತ, ಮೈಗಳ್ಳತನ ಉಳೀತಂತ

ನಿನ್ನೆ ಗದಗಿನಲ್ಲಿ ನಮ್ಮ ಕಾಕಾನ ಮೊಮ್ಮಗಳ ನಿಶ್ಚಯ ಇತ್ತು. ಊಟ ಚೆನ್ನಾಗಿತ್ತು, ಮಾದಲಿ ಇನ್ನೂ ಚೆನ್ನಾಗಿತ್ತು. ಆದರೂ ವಾಪಸ್ ಬರುವಾಗ ಅಣ್ಣಿಗೇರಿ ದಾಟಿದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಅದಕ್ಕೇ ಇಲ್ಲಿ ಕಕ್ಕುತ್ತಿದ್ದೇನೆ, ಸಹಿಸಿಕೊಳ್ಳಿ.

ನಮ್ಮಣ್ಣನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ರೋಗ ಇದೆ, ಮಾತ್ರೆ ನಡೆದಿದೆ. ಮೂಲೆಯ ಕುರ್ಚಿಯಲ್ಲಿ ತನ್ನ ಪಾಡಿಗೆ ತಾನು ಕೂತಿದ್ದ. ಕಾಕಾ ಬಂದರು. "ಏನಪಾ, ಈಗ ಆರಾಮ ಅದಿಯಲ್ಲ, ಹಿಂಗ ಕುಂತ್ರ ಹೆಂಗ? ಒಳಗ ಹೋಗಿ ಎಲಿ ತೊಗೊಂಡ ಬಾ. ಬರಬೇಕಾದ್ರ ಅಡಿಗಿಯವರಿಗೆ ಸಾರು ಕಳಸಾಕ ಹೇಳು. ಹಂಗ ನಿಮ್ಮ ಅತ್ತೆಗೆ ಒಂದ ಲೋಟ ಬಿಸಿನೀರು." ಅಣ್ಣ ತಕ್ಷಣ ಎದ್ದ. ಎದ್ದ ಅನ್ನೋದನ್ನ ನೆನಪಿಟ್ಟುಕೊಳ್ಳಿ. ಹತ್ತು ನಿಮಿಷ ಆದರೂ ಬರಲಿಲ್ಲ. ಹೋಗಿ ನೋಡಿದರೆ ಅಡಿಗೆಮನೆ ಬಾಗಿಲಲ್ಲಿ ಬರಿಗೈಯಲ್ಲಿ ನಿಂತು ಬೆರಳು ಎಣಿಸುತ್ತಿದ್ದಾನೆ. ಒಂದು, ಎರಡು. ಮತ್ತೆ ಒಂದು. ಮೂರು ಕೆಲಸ ಹೇಳಿದ್ದಾರೆ ಅಂತ ನೆನಪಿದೆ, ಯಾವ ಮೂರು ಅಂತ ನೆನಪಿಲ್ಲ. ಬಡಿಸುವ ಹುಡುಗರು ಅವನನ್ನು ಸುತ್ತಿಕೊಂಡು ಹೋಗುತ್ತಾ ನಗುತ್ತಿದ್ದರು.

ಕಾಕಾ ನಾಲ್ಕು ಮಂದಿಗೆ ಕೇಳುವ ಹಾಗೆ ಅಂದರು: "ರೋಗ ಹೋತು, ಮೈಗಳ್ಳತನ ಉಳೀತು ನೋಡ್ರಿ."

ಕಾಕಾ ಫೇಸ್‌ಬುಕ್‌ನಲ್ಲಿದ್ದಾರೆ. ಓದಲಿ.

ರೋಗ ಎಲ್ಲಿ ಹೋಯಿತು? ಯಾರೂ ಮಾತಾಡದಿದ್ದರೂ ಧ್ವನಿ ಕೇಳಿಸುತ್ತಿದ್ದದ್ದು ಹೋಯಿತು. ಎದುರಿನ ಮನೆಯವರು ಟಿವಿಯಲ್ಲಿ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುವ ಸಂಶಯ ಹೋಯಿತು. ನಮ್ಮ ಡಾಕ್ಟರು ಮೊದಲನೇ ದಿನವೇ ಹೇಳಿದ್ದರು, ಸ್ಕಿಜೋಫ್ರೇನಿಯಾ ಬಂದರೆ ಇಲ್ಲದ್ದು ಬಂದು ಸೇರುತ್ತದೆ, ಇದ್ದದ್ದು ಹೋಗುತ್ತದೆ ಅಂತ. ಬಂದು ಸೇರಿದ್ದನ್ನು ಮಾತ್ರೆ ಬಹಳ ಮಟ್ಟಿಗೆ ಓಡಿಸುತ್ತದೆ. ಹೋದದ್ದನ್ನು ವಾಪಸ್ ತರುವುದರಲ್ಲಿ ಈಗಿನ ಮಾತ್ರೆಗಳು ಅಷ್ಟಕ್ಕಷ್ಟೇ. ಮಾತು, ಹುರುಪು, ಆಸೆ, ನಾಲ್ಕು ವಿಷಯ ಒಟ್ಟಿಗೆ ತಲೆಯಲ್ಲಿ ಹಿಡಿದಿಡುವ ಶಕ್ತಿ, ಎಲ್ಲಾ ರೋಗ ಬಂದಾಗಲೇ ಹೋದವು. ಕಾಕಾ ಮೈಗಳ್ಳತನ ಅಂದದ್ದು ಈ ಅರ್ಧ ರೋಗಕ್ಕೆ.

ಅಪ್ಪನ ಕಿರಾಣಿ ಅಂಗಡಿ ಇದ್ದಾಗ ಅಣ್ಣ ಗಲ್ಲಾದಲ್ಲಿ ಕೂರುತ್ತಿದ್ದ. ಎರಡೂಮುಕ್ಕಾಲು ಕಿಲೋ ಶೇಂಗಾ, ಮುನ್ನೂರು ಗ್ರಾಂ ಬಳ್ಳೊಳ್ಳಿ, ಅರ್ಧ ಕಿಲೋ ಬೆಲ್ಲ ಅನ್ನುವಷ್ಟರಲ್ಲಿ ಬಾಯಲ್ಲೇ ಲೆಕ್ಕ ಹೇಳುತ್ತಿದ್ದ, ಪೆನ್ನು ಮುಟ್ಟುತ್ತಿರಲಿಲ್ಲ. ಈಗ 54 ರೂಪಾಯಿ ಸಾಮಾನಿಗೆ 100ರ ನೋಟು ಕೊಟ್ಟು ಎಷ್ಟು ವಾಪಸ್ ಬರಬೇಕು ಅಂತ ನಿಂತುಬಿಡುತ್ತಾನೆ. ಲೆಕ್ಕ ಮರೆತಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ 46 ಅನ್ನುತ್ತಾನೆ, ಒಮ್ಮೆಯೂ ತಪ್ಪಿಲ್ಲ. ಆದರೆ ಹಿಂದೆ ನಿಂತವರು ಬಿಡಬೇಕಲ್ಲ? "ಏ, ಲಗೂನ ಮಾಡೋ ಮಾರಾಯಾ" ಅಂದ ಕೂಡಲೇ ಇದ್ದ ಲೆಕ್ಕವೂ ಹೋಗುತ್ತದೆ.

ನಮ್ಮ ಕಡೆ ಯಾರಾದರೂ ತಿಕ್ಕಲುತನ ಮಾಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಅಂತ ನಗುತ್ತೇವೆ. 1845ರಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇದೆ, ಈಗ ಅದೇ ಡಿಮ್ಹಾನ್ಸ್. ಮಗ್ಗುಲಲ್ಲೇ ಇಷ್ಟು ವರ್ಷ ಆಸ್ಪತ್ರೆ ಇಟ್ಟುಕೊಂಡು ನಾವು ಕಲಿತದ್ದು ಇಷ್ಟೇ: ಕೂಗಾಡಿದರೆ, ಬಟ್ಟೆ ಹರಿದುಕೊಂಡರೆ ರೋಗ. ಮೂಲೆಯಲ್ಲಿ ಸುಮ್ಮನೆ ಕೂತರೆ ಸೋಮಾರಿ.

ಇನ್ನೊಂದು ವಾದ ಇದೆ, ಅದನ್ನು ನಮ್ಮ ಅತ್ತೆ ಮಂಡಿಸಿದರು, ಬಿಸಿನೀರು ಕುಡಿಯುತ್ತಾ. (ನಾನೇ ತಂದುಕೊಟ್ಟೆ.) "ಆ ಗುಳಿಗಿನ ಅವನ್ನ ಮಂಕ ಮಾಡ್ಯಾವು. ಬಿಡಸ್ರಿ, ಚಟಪಟ ಆಗ್ತಾನ." ಇದರಲ್ಲಿ ನಿಜ ಇಲ್ಲ ಅನ್ನಲ್ಲ. ಕೆಲವು ಮಾತ್ರೆ ಮೈ ಭಾರ ಮಾಡುತ್ತವೆ, ನಿದ್ದೆ ಜಾಸ್ತಿ ಬರುತ್ತದೆ. ಒಮ್ಮೆ ಡಾಕ್ಟರೇ ಡೋಸ್ ಇಳಿಸಿದ್ದರು, ಸ್ವಲ್ಪ ಹಗುರ ಆಗಿದ್ದ. ಆದರೆ ಈ ರೋಗಕ್ಕೆ ಮೊದಲ ಮಾತ್ರೆ ಬಳಕೆಗೆ ಬಂದದ್ದೇ 1952ರಲ್ಲಿ. ಸ್ಕಿಜೋಫ್ರೇನಿಯಾ ಅನ್ನುವ ಹೆಸರು ಕೊಟ್ಟ ಸ್ವಿಟ್ಜರ್‌ಲೆಂಡಿನ ಡಾಕ್ಟರ್ ಬ್ಲಾಯ್ಲರ್ ಅದರ ಮೇಲೆ ದೊಡ್ಡ ಪುಸ್ತಕ ಬರೆದದ್ದು 1911ರಲ್ಲಿ. ಮುಖದಲ್ಲಿ ಭಾವನೆ ಇಲ್ಲದೆ, ಏನೂ ಬೇಡವಾಗಿ, ಯೋಚನೆಯ ಎಳೆ ತಪ್ಪಿ ಕೂತವರನ್ನು ಅವರು ಆಗಲೇ ನೋಡಿ ಬರೆದಿದ್ದಾರೆ. ಆಗ ಯಾವ ಗುಳಿಗೆ ಇತ್ತು ಅತ್ತೆ?

ಪುಸ್ತಕ ಬಿಡಿ. ಯಾರದೋ ಮಾತು ಕೇಳಿ ಅಪ್ಪ ಒಮ್ಮೆ ಮೂರು ತಿಂಗಳು ಮಾತ್ರೆ ನಿಲ್ಲಿಸಿದ್ದರು. ಚಟಪಟ ಬರಲಿಲ್ಲ. ಧ್ವನಿಗಳು ಬಂದವು. ಆ ಮೂರು ತಿಂಗಳಾದ ಮೇಲಿನ ಒಂದು ವರ್ಷವನ್ನು ಅತ್ತೆ ನೋಡಿಲ್ಲ, ನಾವು ನೋಡಿದ್ದೇವೆ.

ಇಷ್ಟೆಲ್ಲ ಬರೆಯುತ್ತಿರುವ ನಾನೇನು ಸಾಚಾ ಅಲ್ಲ. ಒಂದು ಸಲ ಅವನು ನಾಲ್ಕು ದಿನ ಸ್ನಾನ ಮಾಡಿರಲಿಲ್ಲ. ನನಗೆ ಶಾಲೆಗೆ ಹೊತ್ತಾಗಿತ್ತು, ಮಗಳಿಗೆ ಜ್ವರ, ಗ್ಯಾಸ್ ಖಾಲಿ. "ಎಮ್ಮಿ ಆದ್ರೂ ತಾನ ಹೋಗಿ ಕೆರಿಯಾಗ ಬೀಳ್ತದ" ಅಂದುಬಿಟ್ಟೆ. ಅವನು ನನ್ನ ಮುಖ ನೋಡಿ "ಹೌದು" ಅಂದ. ಅಷ್ಟೇ. ಸಿಟ್ಟೂ ಇಲ್ಲ, ನೋವೂ ಕಾಣಲಿಲ್ಲ. ಮನೆಯವರ ಟೀಕೆ, ಬೈಗುಳ ಜಾಸ್ತಿ ಇದ್ದಲ್ಲಿ ರೋಗ ಮರುಕಳಿಸುವುದೂ ಜಾಸ್ತಿ ಅಂತ ಲಂಡನ್ನಿನ ಸಂಶೋಧಕರು 1972ರಲ್ಲೇ ತೋರಿಸಿದ್ದರು. ಅದನ್ನು ನಾನು ಓದಿದ್ದು ಆಮೇಲೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಅವನಿಗೆ ಯಾವುದರಲ್ಲೂ ಖುಷಿಯೇ ಇಲ್ಲ ಅಂತ ನಾನೂ ಎಷ್ಟೋ ವರ್ಷ ನಂಬಿದ್ದೆ. ಮೊದಲು ಗಿರ್ಮಿಟ್ ಅಂದರೆ ಪ್ರಾಣ ಬಿಡುತ್ತಿದ್ದವನು, ಈಗ "ಗಿರ್ಮಿಟ್ ತಿನ್ನಾಕ ಹೋಗೂಣೇನು?" ಅಂದರೆ "ಬ್ಯಾಡ" ಅನ್ನುತ್ತಾನೆ. ಆದರೆ ಎದುರಿಗೆ ತಂದಿಟ್ಟರೆ ಪೂರ್ತಿ ತಿನ್ನುತ್ತಾನೆ, ಕಾಗದದಲ್ಲಿ ಉಳಿದ ಪುಠಾಣಿ ಹಿಟ್ಟನ್ನೂ ಬಿಡುವುದಿಲ್ಲ. ಇದೇನು ನಾಟಕ ಅಂತ ಸಿಡುಕುತ್ತಿದ್ದೆ. ನಾಟಕ ಅಲ್ಲವಂತೆ. ಸಂಶೋಧಕರು ಇದನ್ನು ಎರಡು ಮಾಡಿ ನೋಡಿದ್ದಾರೆ: ತಿನ್ನುವಾಗಿನ ಖುಷಿ, ನಾಳೆ ತಿನ್ನುತ್ತೇನೆ ಅನ್ನುವ ಖುಷಿ. ಈ ರೋಗ ಇರುವ ಬಹಳ ಜನರಲ್ಲಿ ಮೊದಲನೆಯದು ಸಾಕಷ್ಟು ಉಳಿದಿರುತ್ತದೆ, ಕುಂದುವುದು ಎರಡನೆಯದು. ಯೋಚಿಸಿ ನೋಡಿ, ನಾವು ಬೆಳಗ್ಗೆ ಹಾಸಿಗೆಯಿಂದ ಏಳುವುದೇ ಆ ಎರಡನೆಯದರ ಮೇಲೆ ಅಲ್ವಾ? ಚಹಾ ನೆನಪಾಗಿ ಏಳುತ್ತೇವೆ. ಚಹಾ ನೆನೆದರೂ ಏನೂ ಅನಿಸದಿದ್ದರೆ ಕಾಕಾ ಏಳುತ್ತಿದ್ದರಾ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ರೋಗ. ನಿನ್ನೆ ಊಟಕ್ಕೆ ಬಿದ್ದ ಎಲೆಯೂ ಮುನ್ನೂರೇ. ಲೆಕ್ಕ ಸರಿಯಾಗಿದೆ, ಆ ಒಬ್ಬ ನಮ್ಮವನು. ಉಳಿದ 299 ಮಂದಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಲು ಏನು ಧಾಡಿ? ಮನೆಯಲ್ಲಿ ನಾವು ಚೀಟಿ ಬರೆದು ಅಂಗಿ ಜೇಬಿಗೆ ಹಾಕುತ್ತೇವೆ. "ಹಾಲು 2. ಕೊತ್ತಂಬರಿ." ದಿನಾ ತರುತ್ತಾನೆ. ಮಳೆ ಬಂದರೂ ತರುತ್ತಾನೆ. ಮೈಗಳ್ಳ!

(ಯಾವ ಡಾಕ್ಟರು, ಎಷ್ಟು ಖರ್ಚು ಅಂತ ಇನ್‌ಬಾಕ್ಸಿಗೆ ಬರಬೇಡಿ, ನಾನು ಗಣಿತದ ಟೀಚರು. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.)

ನಿನ್ನೆ ಸಂಜೆ ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಅವನನ್ನು ಏನೂ ಕೇಳಲಿಲ್ಲ. ಸೀದಾ ದುರ್ಗದ ಬೈಲಿಗೆ ಕರೆದುಕೊಂಡು ಹೋದೆ. ಎರಡು ಗಿರ್ಮಿಟ್ ಹೇಳಿದೆ. ಗಾಡಿಯವನು ಚುರುಮುರಿ ಕಲಸುತ್ತಿದ್ದ. ಅಣ್ಣ ಅವನ ಕೈಯನ್ನೇ ನೋಡುತ್ತಿದ್ದ. ಆಮೇಲೆ, ನಾನು ಏನೂ ಹೇಳದೆ, ತಾನಾಗಿಯೇ ಅಂದ:

"ಉಳ್ಳಾಗಡ್ಡಿ ಸ್ವಲ್ಪ ಹೆಚ್ಚ ಹಾಕ್ರಿ."